ಗಡಿ ದಾಟಿದ ಮದುವೆ, ದಾಟದ ಕಾಗದ

ಇಂಡಿ ತಾಲ್ಲೂಕಿನ ಹುಡುಗಿಯನ್ನು ಅಕ್ಕಲಕೋಟೆಗೆ ಕೊಡುತ್ತಾರೆ. ತಾಂಡೂರಿನ ಕಡೆಯ ಹುಡುಗಿಯನ್ನು ಸೇಡಂಗೆ ತರುತ್ತಾರೆ. ಪಾವಗಡದವರಿಗೆ ಮಡಕಶಿರಾದಲ್ಲಿ, ಮುಳಬಾಗಿಲಿನವರಿಗೆ ಕುಪ್ಪಂನಲ್ಲಿ, ಚಾಮರಾಜನಗರದವರಿಗೆ ತಾಳವಾಡಿಯಲ್ಲಿ, ಮಂಗಳೂರಿನವರಿಗೆ ಮಂಜೇಶ್ವರದಲ್ಲಿ ಬೀಗರಿದ್ದಾರೆ. ಕರ್ನಾಟಕದ ಸುತ್ತ ಆರು ರಾಜ್ಯಗಳಿವೆ, ಆರೂ ಕಡೆ ಹೆಣ್ಣು ಕೊಡುವುದು ತರುವುದು ನಡೆದೇ ಇದೆ. 1956ರ ನವೆಂಬರ್ 1ರಂದು ರಾಜ್ಯಗಳ ಗೆರೆ ಎಳೆದವರು ಭಾಷೆಯನ್ನು ನೋಡಿದರು. ಬೀಗತನವನ್ನು ನೋಡಲಿಲ್ಲ, ನೋಡುವ ಕಾರಣವೂ ಅವರಿಗಿರಲಿಲ್ಲ.

ಗಡಿ ಎಂದರೆ ನಮ್ಮಲ್ಲಿ ನೆನಪಾಗುವುದು ಬೆಳಗಾವಿ ವಿವಾದ, ಮಹಾಜನ ವರದಿ, ಶಾಲೆಯ ಮಾಧ್ಯಮ, ಬೋರ್ಡಿನ ಭಾಷೆ. ಗಡಿ ದಾಟಿ ಮದುವೆಯಾದ ಹೆಣ್ಣಿಗೆ ಗಡಿ ಎದುರಾಗುವ ಜಾಗವೇ ಬೇರೆ: ನಾಡಕಚೇರಿಯ ಕಿಟಕಿ, ಪಡಿತರ ಅಂಗಡಿ, ಪೊಲೀಸ್ ಠಾಣೆ, ಉಪನೋಂದಣಿ ಕಚೇರಿ. ಗಂಡಸು ವಾರಕ್ಕೆ ಎರಡು ಸಲ ಗಡಿ ದಾಟಿ ಸಂತೆಗೆ ಹೋಗಿಬರುತ್ತಾನೆ. ಅವನ ಕಾಗದಗಳು ಊರಲ್ಲೇ ಇರುತ್ತವೆ, ಅವನೂ ಸಂಜೆಗೆ ಅಲ್ಲಿಗೇ ಮರಳುತ್ತಾನೆ. ಹೆಣ್ಣು ಒಂದೇ ಸಲ ದಾಟುತ್ತಾಳೆ. ಅವಳು ಈಚೆ ಬಂದರೂ ಅವಳ ಜಾತಿ ಪ್ರಮಾಣಪತ್ರ, ಆಸ್ತಿಯ ಪಾಲು, ಪಡಿತರದ ಹೆಸರು ಆಚೆಯೇ ಉಳಿಯುತ್ತವೆ. ಅದನ್ನು ಒಂದೊಂದಾಗಿ ನೋಡೋಣ.

ಮೊದಲು ಹೆಸರು. ಮಹಾರಾಷ್ಟ್ರದಲ್ಲಿ, ಅದಕ್ಕೆ ಅಂಟಿಕೊಂಡ ನಮ್ಮ ಉತ್ತರದ ತಾಲ್ಲೂಕುಗಳ ಹಲವು ಮನೆತನಗಳಲ್ಲೂ, ಸೊಸೆ ಬಂದ ದಿನ ತಟ್ಟೆಯ ಅಕ್ಕಿಯಲ್ಲಿ ಉಂಗುರದಿಂದ ಹೊಸ ಹೆಸರು ಬರೆಸುತ್ತಾರೆ. ಅಡ್ಡಹೆಸರಿನ ಜೊತೆಗೆ ಕರೆಯುವ ಹೆಸರೂ ಬದಲು, ನಡುವಿನ ಅಪ್ಪನ ಹೆಸರು ಹೋಗಿ ಗಂಡನ ಹೆಸರು. ಶಾಲೆಯ ವರ್ಗಾವಣೆ ಪತ್ರದಲ್ಲಿ ಒಬ್ಬಳು, ಆಧಾರ್‌ನಲ್ಲಿ ಇನ್ನೊಬ್ಬಳು. ಒಂದೇ ರಾಜ್ಯದೊಳಗೆ ಇದ್ದರೆ ತಲಾಠಿಗೋ ಪಂಚಾಯತಿಗೋ ಎರಡೂ ಮನೆ ಗೊತ್ತಿರುತ್ತದೆ, ಹೇಗೋ ನಿಭಾಯಿಸುತ್ತಾರೆ. ಗಡಿಯಾಚೆಯಿಂದ ಬಂದವಳ ತವರನ್ನು ಇಲ್ಲಿನ ಯಾವ ಅಧಿಕಾರಿಯೂ ಕಂಡಿರುವುದಿಲ್ಲ. ಆಸ್ತಿ, ಪಿಂಚಣಿ, ವಿಮೆ ಯಾವುದಕ್ಕೆ ಹೋದರೂ ‘ಇವರಿಬ್ಬರೂ ಒಬ್ಬರೇ’ ಎಂದು ಅವಳೇ ಸಾಬೀತು ಮಾಡಬೇಕು.

ಪರಿಹಾರ ಸರಳ, ಆದರೆ ಮದುವೆಯ ತಿಂಗಳಲ್ಲೇ ಆಗಬೇಕು. ಅಕ್ಕಿಯ ಹೆಸರು ಅಕ್ಕಿಯಲ್ಲೇ ಇರಲಿ, ಆಧಾರ್‌ಗೆ ಏರುವುದು ಬೇಡ. ಏರಿಸಲೇಬೇಕು ಎಂದು ಹಿರಿಯರು ಹಟ ಹಿಡಿದರೆ, ವಿವಾಹ ನೋಂದಣಿ ಪತ್ರದಲ್ಲಿ ಮದುವೆಯ ಮೊದಲಿನ ಹೆಸರು ಶಾಲಾ ದಾಖಲೆಯಲ್ಲಿ ಇರುವ ಹಾಗೆ, ಅಕ್ಷರ ತಪ್ಪದೆ ಬಂದಿದೆಯೇ ನೋಡಿಕೊಳ್ಳಬೇಕು. ಎರಡು ಹೆಸರಿನ ನಡುವಿನ ಸೇತುವೆ ಅದೊಂದೇ. ಮರಾಠಿಯಿಂದಲೋ ತೆಲುಗಿನಿಂದಲೋ ಕನ್ನಡಕ್ಕೆ ಹೆಸರು ಬರೆಯುವಾಗ ಒಂದು ಒತ್ತಕ್ಷರ, ಒಂದು ದೀರ್ಘ ಬದಲಾದರೂ ಕಂಪ್ಯೂಟರ್ ಬೇರೆ ವ್ಯಕ್ತಿ ಎಂದೇ ಎಣಿಸುತ್ತದೆ.

ಆಮೇಲೆ ವಿಳಾಸ. ಗಂಡನ ಮನೆಯ ವಿಳಾಸವಿರುವ ಒಂದು ಕಾಗದವೂ ಹೊಸ ಸೊಸೆಯ ಹೆಸರಲ್ಲಿ ಇರುವುದಿಲ್ಲ. ಇಂಥವರಿಗಾಗಿಯೇ ಆಧಾರ್ ಪ್ರಾಧಿಕಾರ 2023ರಲ್ಲಿ ‘ಕುಟುಂಬದ ಮುಖ್ಯಸ್ಥ’ರ ಆಧಾರದಲ್ಲಿ ವಿಳಾಸ ಬದಲಿಸುವ ದಾರಿ ತೆರೆಯಿತು. ವಿವಾಹ ಪತ್ರವನ್ನೋ ಪಡಿತರ ಚೀಟಿಯನ್ನೋ ಸಂಬಂಧದ ಪುರಾವೆಯಾಗಿ ಕೊಟ್ಟು ಗಂಡನ ಆಧಾರ್ ಸಂಖ್ಯೆ ನಮೂದಿಸಬೇಕು. ಗಂಡನ ಮೊಬೈಲ್‌ಗೆ ಸಂದೇಶ ಬರುತ್ತದೆ. 30 ದಿನದೊಳಗೆ ಅವನು ಒಪ್ಪಿಗೆ ಒತ್ತದಿದ್ದರೆ ಅರ್ಜಿ ಮುಚ್ಚಿಹೋಗುತ್ತದೆ. ಅಂದರೆ ಜಗಳವಾಗಿ ಗಂಡ ಮಾತು ಬಿಟ್ಟಿರುವ ಮನೆಯಲ್ಲಿ ಹೆಂಡತಿಯ ವಿಳಾಸ ಅವನ ಹೆಬ್ಬೆರಳಿನ ತುದಿಯಲ್ಲಿದೆ. ಅಂಥ ಕಡೆ ಈ ದಾರಿ ಬಿಟ್ಟು, ಪ್ರಾಧಿಕಾರದ ನಿಗದಿತ ನಮೂನೆಯಲ್ಲಿ ನಿಗದಿತ ಅಧಿಕಾರಿಯ ಸಹಿ ಇರುವ ಪ್ರಮಾಣಪತ್ರದಿಂದಲೇ ಹೋಗಬೇಕು.

ವಿಳಾಸ ಬದಲಾಗದಿದ್ದರೆ ಏನಾಗುತ್ತದೆ? ಕರ್ನಾಟಕದ ಬಸ್ಸಿನಲ್ಲಿ ಶಕ್ತಿ ಯೋಜನೆಯ ಶೂನ್ಯ ಟಿಕೆಟ್ ಸಿಗುವುದಿಲ್ಲ, ಕಾರ್ಡಿನಲ್ಲಿ ಈ ರಾಜ್ಯದ ವಿಳಾಸ ಬೇಕು. ಅದು ಸಣ್ಣದು. ಪಡಿತರ ದೊಡ್ಡದು. ತವರಿನ ಚೀಟಿಯಲ್ಲಿ ಹೆಸರು ತೆಗೆಸಿ, ತೆಗೆದ ಪತ್ರ ತಂದರಷ್ಟೇ ಇಲ್ಲಿ ಸೇರಿಸುತ್ತಾರೆ. ತವರಿನವರಿಗೆ ತೆಗೆಸುವ ಅವಸರವಿರುವುದಿಲ್ಲ, ತಲೆಗಿಷ್ಟು ಅಂತ ಬರುವ ಧಾನ್ಯ ಕಡಿಮೆಯಾಗುತ್ತದಲ್ಲ! ಇಲ್ಲಿ ಅರ್ಜಿ ಹಾಕಿದರೆ ಆಧಾರ್ ಇನ್ನೊಂದು ರಾಜ್ಯದ ಚೀಟಿಗೆ ಜೋಡಣೆಯಾಗಿದೆ ಎಂದು ತಿರಸ್ಕಾರ. ಒಂದು ದೇಶ ಒಂದು ಪಡಿತರ ವ್ಯವಸ್ಥೆಯಲ್ಲಿ ಆಚೆಯ ಚೀಟಿಯ ಮೇಲೆ ಈಚೆ ಬೆರಳೊತ್ತಿ ಧಾನ್ಯ ಪಡೆಯಬಹುದು ನಿಜ. ಆದರೆ ಅದು ಕೇಂದ್ರದ ಪಾಲು ಮಾತ್ರ. ರಾಜ್ಯ ತನ್ನ ಕೈಯಿಂದ ಸೇರಿಸುವುದು ಆ ರಾಜ್ಯದ ಚೀಟಿದಾರರಿಗೇ. ಗೃಹಲಕ್ಷ್ಮಿಯ 2000 ರೂಪಾಯಿಯೂ ಪಡಿತರ ಚೀಟಿಯಲ್ಲಿ ಯಜಮಾನಿ ಎಂದು ನಮೂದಾದವಳಿಗೆ. ಚೀಟಿಯಲ್ಲೇ ಇಲ್ಲದ ಸೊಸೆಗೆ ಅತ್ತೆಯ ನಂತರವೂ ಅದು ತಾನಾಗಿ ಬರುವುದಿಲ್ಲ.

ಮಹಾರಾಷ್ಟ್ರ 2024ರಲ್ಲಿ 1500 ರೂಪಾಯಿಯ ಲಾಡಕಿ ಬಹೀಣ್ ಯೋಜನೆ ತಂದಾಗ, ಹೊರರಾಜ್ಯದಲ್ಲಿ ಹುಟ್ಟಿ ಅಲ್ಲಿಯವನನ್ನು ಮದುವೆಯಾದ ಹೆಣ್ಣಿಗೆ ಗಂಡನ ಜನನ ಪತ್ರ ಅಥವಾ ಶಾಲೆ ಬಿಟ್ಟ ದಾಖಲೆ ನಡೆಯುತ್ತದೆ ಎಂದು ಬರೆದರು. ಗಡಿಯ ಸೊಸೆಯಂದಿರು ನಿಯಮದಲ್ಲಿ ಕಾಣಿಸಿಕೊಂಡ ಅಪರೂಪದ ಉದಾಹರಣೆ ಇದು. ಒಳ್ಳೆಯ ನಿಯಮವೇ, ಆದರೆ ಕಾಗದ ಮತ್ತೆ ಗಂಡನದೇ.

ಜಾತಿ ಪ್ರಮಾಣಪತ್ರದ ವಿಷಯಕ್ಕೆ ಬಂದರೆ ಗಂಡನ ಕಾಗದವೂ ಕೆಲಸಕ್ಕೆ ಬಾರದು. ಲಂಬಾಣಿ ತಾಂಡಾಗಳನ್ನೇ ತೆಗೆದುಕೊಳ್ಳಿ. ಕರ್ನಾಟಕದಲ್ಲಿ ಲಂಬಾಣಿಗರು ಪರಿಶಿಷ್ಟ ಜಾತಿ. ತೆಲಂಗಾಣದಲ್ಲಿ ಪರಿಶಿಷ್ಟ ಪಂಗಡ. ಮಹಾರಾಷ್ಟ್ರದಲ್ಲಿ ಎರಡೂ ಅಲ್ಲ, ಆ ರಾಜ್ಯದ್ದೇ ಬೇರೆ ಪಟ್ಟಿಯಾದ ವಿಮುಕ್ತ ಜಾತಿ. ಆಡುವ ಗೋರ್ ಬೋಲಿ ಒಂದೇ, ನಂಬುವ ಸಂತ ಸೇವಾಲಾಲ್ ಒಬ್ಬರೇ, ಚಿಂಚೋಳಿಯ ತಾಂಡಾಕ್ಕೂ ಗಡಿಯಾಚೆಯ ತಾಂಡಾಕ್ಕೂ ನಡುವೆ ಒಂದು ಗುಡ್ಡ. ಗುಡ್ಡದ ಆಚೆಯಿಂದ ಸೊಸೆ ಬಂದರೆ ಅವಳು ಕರ್ನಾಟಕದ ಲೆಕ್ಕದಲ್ಲಿ ಏನು?

ಸಂವಿಧಾನದ 341 ಮತ್ತು 342ನೇ ವಿಧಿಗಳು ಪಟ್ಟಿಯನ್ನು ರಾಜ್ಯವಾರು ಮಾಡಿವೆ. ಜಾತಿ ಹುಟ್ಟಿನಿಂದ ಬರುತ್ತದೆ, ಮದುವೆಯಿಂದ ಬದಲಾಗುವುದಿಲ್ಲ ಎಂದು ನ್ಯಾಯಾಲಯಗಳು ಮತ್ತೆ ಮತ್ತೆ ಹೇಳಿವೆ. ಎರಡನ್ನೂ ಸೇರಿಸಿದರೆ ಸಿಗುವ ಫಲ ಇದು: ಗಂಡನ ಜಾತಿ ಅವಳಿಗೆ ಬರುವುದಿಲ್ಲ, ಅಪ್ಪನ ರಾಜ್ಯದ ಮೀಸಲಾತಿ ಗಡಿ ದಾಟುವುದಿಲ್ಲ. ಎರಡೂ ರಾಜ್ಯಗಳಲ್ಲಿ ಜಾತಿ ಒಂದೇ ಪಟ್ಟಿಯಲ್ಲಿದ್ದರೂ ಅಷ್ಟೇ. ಪಂಜಾಬಿನ ವಾಲ್ಮೀಕಿ ಸಮುದಾಯದ ಹೆಣ್ಣುಮಗಳೊಬ್ಬಳು ಮದುವೆಯಾಗಿ ಉತ್ತರಾಖಂಡಕ್ಕೆ ಹೋಗಿದ್ದಳು. ಅಲ್ಲಿಯೂ ವಾಲ್ಮೀಕಿ ಪರಿಶಿಷ್ಟ ಜಾತಿಯೇ. ಆದರೂ ಆ ರಾಜ್ಯದ ಮೀಸಲು ಹುದ್ದೆ ಅವಳಿಗಿಲ್ಲ ಎಂದು ಸುಪ್ರೀಂ ಕೋರ್ಟ್ 2018ರ ರಂಜನಾ ಕುಮಾರಿ ಪ್ರಕರಣದಲ್ಲಿ ಹೇಳಿತು. ಕೆಲಸಕ್ಕಾಗಿ ವಲಸೆ ಬಂದವರಿಗೂ ಇದೇ ನಿಯಮ ಎನ್ನಬಹುದು. ಆದರೆ ಮದುವೆಯ ಕಾರಣಕ್ಕೆ ಊರು ಬಿಡುವುದು ಹೆಣ್ಣಿಗೆ ಮಾತ್ರ ಕಡ್ಡಾಯ. ಲಿಂಗವನ್ನು ಎಲ್ಲೂ ಹೆಸರಿಸದ ನಿಯಮ ಒಂದೇ ಲಿಂಗದ ಮೇಲೆ ಬೀಳುವುದು ಹೀಗೆ.

ಇದರ ಪರಿಣಾಮ ನೌಕರಿಗಿಂತ ಮೊದಲು ಕಾಣುವುದು ಪಂಚಾಯತಿಯಲ್ಲಿ. ಕರ್ನಾಟಕದ ಗ್ರಾಮ ಪಂಚಾಯತಿಗಳಲ್ಲಿ ಅರ್ಧ ಸ್ಥಾನ ಮಹಿಳೆಯರಿಗೆ. ತಾಂಡಾದ ಸ್ಥಾನ ಪರಿಶಿಷ್ಟ ಜಾತಿ ಮಹಿಳೆಗೆ ಮೀಸಲಾದಾಗ, ಓದಿಕೊಂಡ ಸೊಸೆ ಗಡಿಯಾಚೆಯವಳಾದರೆ ಅವಳು ನಿಲ್ಲುವಂತಿಲ್ಲ. ನಿಂತು ಗೆದ್ದರೂ ಸೋತವರು ಪ್ರಮಾಣಪತ್ರವನ್ನು ಪ್ರಶ್ನಿಸಿ ದಾವೆ ಹೂಡುತ್ತಾರೆ.

ಮಾಡಬಹುದಾದದ್ದು ಇಷ್ಟು. ಮದುವೆಗೆ ಮುಂಚೆಯೇ ತವರಿನ ತಾಲ್ಲೂಕಿನಲ್ಲಿ ಅಪ್ಪನ ಹೆಸರಿನ ಮೇಲೆ ಜಾತಿ ಪ್ರಮಾಣಪತ್ರ ತೆಗೆಸಿಟ್ಟುಕೊಳ್ಳಬೇಕು, ಅಪ್ಪನ ಪ್ರಮಾಣಪತ್ರದ ಪ್ರತಿಯನ್ನೂ. ಅದು ಕೇಂದ್ರ ಸರ್ಕಾರದ ನೇಮಕಾತಿಗಳಿಗೆ, ಅಂದರೆ ರೈಲ್ವೆ, ಅಂಚೆಯಂಥವಕ್ಕೆ, ಮದುವೆಯ ನಂತರವೂ ನಡೆಯುತ್ತದೆ. ತವರಿನ ರಾಜ್ಯದ ಹುದ್ದೆಗಳಿಗೂ ಅವಳ ಹಕ್ಕು ಉಳಿಯುತ್ತದೆ. ಗಂಡನ ಮನೆಯವರು ಓಡಾಡಿ ಇಲ್ಲಿಯ ನಾಡಕಚೇರಿಯಲ್ಲಿ ಗಂಡನ ಜಾತಿಯ ಮೇಲೆ ಪ್ರಮಾಣಪತ್ರ ಮಾಡಿಸಿಕೊಟ್ಟರೆ, ಸಿಕ್ಕಿತಲ್ಲ ಎಂದು ಬಳಸಬಾರದು. ಪರಿಶೀಲನೆಯ ದಿನ ಹುದ್ದೆಯೂ ಹೋಗುತ್ತದೆ, ಸುಳ್ಳು ಪ್ರಮಾಣಪತ್ರದ ಮೊಕದ್ದಮೆಯೂ ಬೀಳುತ್ತದೆ, ಆರೋಪಿಯಾಗುವವಳು ಅವಳೇ.

ಇನ್ನು ಭೂಮಿ. ಇಲ್ಲಿ ಹೇಳುವುದು ಹಿಂದೂ ಉತ್ತರಾಧಿಕಾರ ಕಾಯ್ದೆಗೆ ಒಳಪಟ್ಟ ಕುಟುಂಬಗಳ ಮಾತು.

‘ಮದುವೆಯಾಗಿ ಹೋದವಳಿಗೆ ಪಾಲಿಲ್ಲ’ ಎಂಬ ಮಾತಿಗೆ ಒಂದು ಕಾಲದಲ್ಲಿ ಕಾನೂನಿನ ಬೆಂಬಲವಿತ್ತು. ಪಿತ್ರಾರ್ಜಿತದಲ್ಲಿ ಮಗಳಿಗೆ ಮಗನಷ್ಟೇ ಹಕ್ಕು ಎಂದು ಆಂಧ್ರ 1985ರಿಂದ, ತಮಿಳುನಾಡು 1989ರಿಂದ, ಮಹಾರಾಷ್ಟ್ರ ಮತ್ತು ಕರ್ನಾಟಕ 1994ರಿಂದ ಬರೆದುಕೊಂಡವು. ನಾಲ್ಕೂ ಕಡೆ ಒಂದು ಷರತ್ತು: ಆ ದಿನಾಂಕಕ್ಕೆ ಮೊದಲೇ ಮದುವೆಯಾದವಳಿಗೆ ಇಲ್ಲ. ಹಾಗಾಗಿ 1990ರಲ್ಲಿ ಮದುವೆಯಾದ ಹೆಣ್ಣಿಗೆ ತವರು ಮಡಕಶಿರಾದಲ್ಲಿದ್ದರೆ ಪಾಲು, ಪಾವಗಡದಲ್ಲಿದ್ದರೆ ಇಲ್ಲ. ಆ ಷರತ್ತು 2005ರ ಸೆಪ್ಟೆಂಬರ್ 9ರ ಕೇಂದ್ರ ತಿದ್ದುಪಡಿಯಿಂದ ಹೋಯಿತು. ಅಪ್ಪ ಆ ದಿನ ಬದುಕಿರಬೇಕಿತ್ತೇ ಎಂಬ ಗೊಂದಲವನ್ನು 2020ರ ಆಗಸ್ಟ್ 11ರಂದು ವಿನೀತಾ ಶರ್ಮಾ ತೀರ್ಪು ಬಗೆಹರಿಸಿತು: ಬೇಕಿಲ್ಲ, ಹಕ್ಕು ಹುಟ್ಟಿನಿಂದಲೇ. ಮುಟ್ಟಲಾಗದ್ದು 2004ರ ಡಿಸೆಂಬರ್ 20ಕ್ಕೆ ಮುಂಚೆ ನೋಂದಣಿಯಾದ ಅಥವಾ ಕೋರ್ಟಿನಿಂದ ಆದ ವಿಭಾಗ, ಮತ್ತು ಅಷ್ಟರೊಳಗೆ ಮಾರಿಹೋದದ್ದು. ‘ಬಾಯಿಮಾತಲ್ಲಿ ಆಗಲೇ ಪಾಲಾಗಿತ್ತು’ ಎಂಬ ಅಣ್ಣಂದಿರ ವಾದ ಸಾಮಾನ್ಯವಾಗಿ ನಿಲ್ಲುವುದಿಲ್ಲ. ಮಗಳು ಯಾವ ರಾಜ್ಯದಲ್ಲಿ ವಾಸವಾಗಿದ್ದಾಳೆ ಎಂಬುದಕ್ಕೂ ಹಕ್ಕಿಗೂ ಸಂಬಂಧವೇ ಇಲ್ಲ.

ಹಕ್ಕು ಇಷ್ಟು ಗಟ್ಟಿಯಾಗಿದ್ದರೂ ಪಹಣಿಯಲ್ಲಿ ಮಾಲೀಕರ ಹೆಸರಿರುವ 9ನೇ ಕಲಮಿನಲ್ಲಿ ಅವಳ ಹೆಸರೇಕೆ ಬರುವುದಿಲ್ಲ? ಅಪ್ಪ ತೀರಿದ ಮೇಲೆ ಪೌತಿ ಖಾತೆಗೆ, ಅಂದರೆ ಖಾತೆಯನ್ನು ವಾರಸುದಾರರ ಹೆಸರಿಗೆ ಮಾಡಿಸಲು, ವಂಶವೃಕ್ಷ ಬೇಕು. ಅರ್ಜಿ ಹಾಕುವವನು ಮಗ. ವಂಶವೃಕ್ಷದಲ್ಲಿ ಹೆಣ್ಣುಮಕ್ಕಳ ಕೊಂಬೆ ಬರೆಯುವುದೇ ಇಲ್ಲ, ಇಲ್ಲವೇ ‘ಮದುವೆಯಾಗಿದೆ’ ಎಂದು ಬರೆದು ಬಿಡುತ್ತಾರೆ. ತಕರಾರಿದ್ದರೆ ತಿಳಿಸಿ ಎಂಬ ನೋಟಿಸು ಊರಿನ ಚಾವಡಿಯಲ್ಲಿ ಅಂಟುತ್ತದೆ. ಅವಳು ಗಡಿಯಾಚೆ ಜತ್ತದಲ್ಲೋ ದೇಗಲೂರಿನಲ್ಲೋ ಇರುತ್ತಾಳೆ. ಅವಧಿ ಕಳೆಯುತ್ತದೆ, ಖಾತೆ ಬದಲಾಗುತ್ತದೆ.

ಇನ್ನೊಂದು ದಾರಿ ಹಕ್ಕುಬಿಡುಗಡೆ ಪತ್ರ. ಪಂಚಮಿಗೋ ದೀಪಾವಳಿಗೋ ತವರಿಗೆ ಬಂದವಳನ್ನು, ಸೀರೆ ಕೊಡಿಸುವ ನೆಪದಲ್ಲಿ ಪೇಟೆಗೆ ಕರೆದೊಯ್ದು ಉಪನೋಂದಣಿ ಕಚೇರಿಯಲ್ಲಿ ಸಹಿ ಹಾಕಿಸುವುದು. ಗಂಡನ ಮನೆಯ ಆಸ್ತಿಗೆ ಸಹಿ ಕೇಳಿದರೆ ಗಡಿಯಲ್ಲಿ ಇದಕ್ಕೆ ಇನ್ನೊಂದು ಪದರವಿದೆ. ಸೊಲ್ಲಾಪುರದ ಕಡೆ ಮರಾಠಿ ಶಾಲೆಯಲ್ಲಿ ಓದಿ ಇಲ್ಲಿಗೆ ಬಂದವಳೋ, ಇಲ್ಲಿ ಕನ್ನಡ ಓದಿ ಆಚೆ ಹೋದವಳೋ, ಎದುರಿಗಿರುವ ಪತ್ರದ ಲಿಪಿಯೇ ಅವಳಿಗೆ ಬಾರದಿರಬಹುದು. ನೋಂದಣಿ ಕಾಯ್ದೆಯ 19ನೇ ಕಲಂ ಪ್ರಕಾರ, ಜಿಲ್ಲೆಯಲ್ಲಿ ಬಳಕೆಯಲ್ಲಿಲ್ಲದ, ಅಧಿಕಾರಿಗೆ ಅರ್ಥವಾಗದ ಭಾಷೆಯಲ್ಲಿ ಪತ್ರವಿದ್ದರೆ ಅನುವಾದ ಕೊಡದೆ ನೋಂದಣಿ ಮಾಡುವಂತಿಲ್ಲ. ಅಧಿಕಾರಿಗೆ ಅರ್ಥವಾಗಬೇಕು ಎಂದು 1908ರ ಕಾಯ್ದೆ ಕಾಳಜಿ ವಹಿಸಿದೆ. ಸಹಿ ಹಾಕುವವಳ ಬಗ್ಗೆ ಅಂಥದೊಂದು ಕಲಂ ಇಲ್ಲ.

ಆದ್ದರಿಂದ ಸಹಿಗೆ ಮುಂಚೆ ಪತ್ರವನ್ನು ಬಲ್ಲವರಿಂದ ಓದಿಸಿ, ಅವರ ಹೆಸರು ಮತ್ತು ‘ಓದಿ ತಿಳಿಸಿದೆ’ ಎಂಬ ಮಾತು ಪತ್ರದಲ್ಲೇ ಬರುವಂತೆ ಕೇಳಬೇಕು. ಓಡಾಡಲಾಗದೆ ತಮ್ಮನಿಗೆ ಅಧಿಕಾರಪತ್ರ ಕೊಡುವುದಾದರೆ ಸರ್ವೆ ನಂಬರು, ಕೆಲಸ ಎರಡನ್ನೂ ಹೆಸರಿಸಿ ಕೊಡಬೇಕು, ‘ಮಾರುವ’ ಎಂಬ ಪದ ಅದರಲ್ಲಿ ಇರಬಾರದು. ಮೋಸದಿಂದ ಆದ ಪತ್ರವನ್ನು ರದ್ದುಪಡಿಸಲು ಮೋಸ ಗೊತ್ತಾದ ದಿನದಿಂದ 3 ವರ್ಷ ಅವಧಿಯಿದೆ. ಹಾಗಾಗಿ ಗೊತ್ತಾದ ದಿನವನ್ನು ಸಾಬೀತು ಮಾಡುವ ಕಾಗದ, ಉದಾಹರಣೆಗೆ ಪತ್ರದ ದೃಢೀಕೃತ ನಕಲು ಪಡೆದ ರಸೀದಿ, ಜೋಪಾನ.

ಪಹಣಿ ನೋಡಲು ತವರಿಗೆ ಹೋಗಬೇಕಿಲ್ಲ. ಕರ್ನಾಟಕದ ‘ಭೂಮಿ’ ಜಾಲತಾಣದಲ್ಲಿ ಸರ್ವೆ ನಂಬರು ಹಾಕಿದರೆ ಪಹಣಿಯೂ ಮ್ಯುಟೇಶನ್ನಿನ (ಖಾತೆ ಬದಲಾವಣೆಯ) ಸ್ಥಿತಿಯೂ ಕಾಣುತ್ತವೆ. ಮಹಾರಾಷ್ಟ್ರದ ಪಹಣಿಯಾದ ಸಾತ್-ಬಾರಾ ಉತಾರಕ್ಕೂ ತಾಣವಿದೆ. ವರ್ಷಕ್ಕೆರಡು ಸಲ ನೋಡುವುದು ರೂಢಿಯಾಗಲಿ. ಮ್ಯುಟೇಶನ್ ಬಾಕಿ ಕಂಡರೆ ತಹಶೀಲ್ದಾರರಿಗೆ ಲಿಖಿತ ತಕರಾರು ಕೊಟ್ಟು ಸ್ವೀಕೃತಿ ಪಡೆಯಬೇಕು. ಮುಗಿದೇ ಹೋಗಿದ್ದರೆ ಉಪವಿಭಾಗಾಧಿಕಾರಿಗೆ ಮೇಲ್ಮನವಿ. ಅಲ್ಲೂ ಆಗದಿದ್ದರೆ ಧೈರ್ಯಗೆಡಬೇಕಿಲ್ಲ. ಖಾತೆ ಎಂಬುದು ಕಂದಾಯದ ಲೆಕ್ಕ, ಹಕ್ಕು ತೀರ್ಮಾನಿಸುವುದು ಸಿವಿಲ್ ಕೋರ್ಟು. ವಿಭಾಗದ ದಾವೆಯನ್ನು ಭೂಮಿ ಇರುವಲ್ಲೇ ಹೂಡಬೇಕು. ಇಲ್ಲಿ ವಕೀಲರು ಗಮನಿಸಬೇಕಾದ ಒಂದು ಸಾಲು: ಕರ್ನಾಟಕದ ಕೋರ್ಟು ಶುಲ್ಕ ಕಾಯ್ದೆಯ 35ನೇ ಕಲಮಿನಲ್ಲಿ, ತಾನು ಜಂಟಿ ಸ್ವಾಧೀನದಲ್ಲಿದ್ದೇನೆ ಎಂದು ದಾವೆಯಲ್ಲಿ ಹೇಳಿಕೊಂಡರೆ ಶುಲ್ಕ ಕೆಲವು ನೂರು ರೂಪಾಯಿ ದಾಟುವುದಿಲ್ಲ. ‘ನನ್ನನ್ನು ಹೊರಹಾಕಿದ್ದಾರೆ’ ಎಂದು ಸಿಟ್ಟಿನಲ್ಲಿ ಬರೆಸಿದರೆ ಪಾಲಿನ ಮಾರುಕಟ್ಟೆ ಬೆಲೆಯ ಮೇಲೆ ಶುಲ್ಕ. ದೂರದಲ್ಲಿರುವ ಮಗಳ ಪಾಲಿನ ಭೂಮಿಯನ್ನು ಅಣ್ಣ ಉಳುತ್ತಿದ್ದರೆ, ಒಬ್ಬ ಪಾಲುದಾರನ ಸ್ವಾಧೀನ ಎಲ್ಲರ ಸ್ವಾಧೀನ ಎಂಬುದೇ ಕಾನೂನಿನ ಎಣಿಕೆ.

ಹಿಂಸೆಯ ಪ್ರಕರಣಗಳಲ್ಲಿ ಗಡಿ ಎಂದರೆ ವ್ಯಾಪ್ತಿ. ‘ಇದು ನಮ್ಮ ಹದ್ದಿಗೆ ಬರುವುದಿಲ್ಲ’ ಎಂಬ ಒಂದು ಮಾತಿನಲ್ಲಿ ಠಾಣೆ ಕೈತೊಳೆದುಕೊಳ್ಳುತ್ತದೆ. ಗಂಡನ ಮನೆಯಿಂದ ಹೊರಬಿದ್ದು ತವರಿಗೆ ಬಂದವಳು ತವರಿನಲ್ಲೇ ಕ್ರೌರ್ಯದ ದೂರು ಕೊಡಬಹುದು ಎಂದು ಸುಪ್ರೀಂ ಕೋರ್ಟ್ 2019ರ ರೂಪಾಲಿ ದೇವಿ ಪ್ರಕರಣದಲ್ಲಿ ಹೇಳಿದೆ, ಆ ಕ್ರೌರ್ಯದ ಮಾನಸಿಕ ಪೆಟ್ಟು ತವರಿನಲ್ಲೂ ಮುಂದುವರಿಯುತ್ತದೆ ಎಂಬ ಕಾರಣದಿಂದ. ಈಗ ಆ ಅಪರಾಧ ಭಾರತೀಯ ನ್ಯಾಯ ಸಂಹಿತೆಯ 85ನೇ ಕಲಂ. 2024ರ ಜುಲೈ 1ರಿಂದ ಯಾವ ಠಾಣೆಯಾದರೂ ಶೂನ್ಯ ಎಫ್‌ಐಆರ್ ದಾಖಲಿಸಲೇಬೇಕು ಎಂಬುದೂ ಕಾನೂನಿನಲ್ಲೇ ಬಂದಿದೆ. ಆದರೆ ಇವೆರಡನ್ನು ಕಲಸಬಾರದು. ಶೂನ್ಯ ಎಫ್‌ಐಆರ್ ಎಂದರೆ ದಾಖಲಿಸಿ ಗಂಡನ ಊರಿನ ಠಾಣೆಗೆ ಕಳಿಸುವುದು, ಅಂದರೆ ಇನ್ನೊಂದು ರಾಜ್ಯಕ್ಕೆ, ಇನ್ನೊಂದು ಭಾಷೆಗೆ, ಗಂಡನ ಪರಿಚಯದವರ ನಡುವೆ. ತವರಿನ ಠಾಣೆಗೇ ತನಿಖೆಯ ಅಧಿಕಾರವಿರುವಾಗ ಅದನ್ನು ‘ಶೂನ್ಯ’ ಮಾಡಿ ಕಳಿಸಲು ಒಪ್ಪಬೇಕಿಲ್ಲ. 2019ರ ಆ ತೀರ್ಪಿನ ಹೆಸರನ್ನು ದೂರಿನಲ್ಲೇ ಬರೆಯುವುದು ಒಳ್ಳೆಯದು. ಎಫ್‌ಐಆರ್ ಪ್ರತಿ ಪುಕ್ಕಟೆ, ಅದೇ ದಿನ ಕೇಳಿ ಪಡೆಯಬೇಕು.

ಕೌಟುಂಬಿಕ ಹಿಂಸೆ ಕಾಯ್ದೆ 2005ರ 27ನೇ ಕಲಂ ಇನ್ನೂ ಉದಾರ. ಅವಳು ತಾತ್ಕಾಲಿಕವಾಗಿ ಉಳಿದುಕೊಂಡ ಜಾಗದ ಮ್ಯಾಜಿಸ್ಟ್ರೇಟರಿಗೂ ಅಧಿಕಾರವಿದೆ, ಆದೇಶ ದೇಶದೆಲ್ಲೆಡೆ ನಡೆಯುತ್ತದೆ. ಅರ್ಜಿಗೆ ನೆರವಾಗುವ ಸಂರಕ್ಷಣಾಧಿಕಾರಿ ಎಂದರೆ ಕರ್ನಾಟಕದಲ್ಲಿ ಶಿಶು ಅಭಿವೃದ್ಧಿ ಯೋಜನಾಧಿಕಾರಿ. ಎಡವುವುದು ನೋಟಿಸಿನಲ್ಲಿ. ಗಡಿಯಾಚೆ ಕಳಿಸಿದ ನೋಟಿಸು ‘ವ್ಯಕ್ತಿ ಸಿಗಲಿಲ್ಲ’ ಎಂದು ತಿರುಗಿ ಬಂದು, ಕಾಯ್ದೆ ಹೇಳುವ 60 ದಿನ ವರ್ಷವಾಗುತ್ತದೆ. ಅರ್ಜಿಯಲ್ಲಿ ಗಂಡನ ಮನೆ ವಿಳಾಸದ ಜೊತೆ ಅವನು ದುಡಿಯುವ ಜಾಗ, ಮೊಬೈಲ್ ಸಂಖ್ಯೆ, ಅಲ್ಲಿನ ಠಾಣೆಯ ಹೆಸರು ಇರಲಿ. ಅವನು ಸಂಬಳದ ಕೆಲಸದಲ್ಲಿದ್ದರೆ 20(6)ನೇ ಕಲಂ ಪ್ರಕಾರ ಜೀವನಾಂಶವನ್ನು ಮಾಲೀಕರೇ ಸಂಬಳದಿಂದ ಕಡಿದು ನೇರ ಕಟ್ಟುವಂತೆ ಕೇಳಿಕೊಳ್ಳಬೇಕು. ಹೊಸೂರಿನ ಕಾರ್ಖಾನೆಗೆ ಹೋಗುವ ಗಂಡನ ವಿಷಯದಲ್ಲಿ, ಬೇರೆ ರಾಜ್ಯದ ಪೊಲೀಸರ ಹಿಂದೆ ಅಲೆಯುವುದಕ್ಕಿಂತ ಇದು ಹತ್ತಿರದ ದಾರಿ.

ಗಂಡನೇ ಮೊದಲು ತನ್ನ ಊರಲ್ಲಿ ವಿಚ್ಛೇದನಕ್ಕೆ ಹಾಕಿದರೆ? ವಿಜಯಪುರದವಳಿಗೆ ಸೊಲ್ಲಾಪುರ ಎರಡು ತಾಸಿನ ದಾರಿ. ಆದರೆ ಪ್ರಕರಣವನ್ನು ಅಲ್ಲಿಂದ ಇಲ್ಲಿಗೆ ವರ್ಗಾಯಿಸುವ ಅಧಿಕಾರ ಇರುವುದು ದೆಹಲಿಯ ಸುಪ್ರೀಂ ಕೋರ್ಟಿಗೆ. ರಾಜ್ಯದೊಳಗಾದರೆ ಹೈಕೋರ್ಟು ಸಾಕಿತ್ತು. ಇಲ್ಲಿ ಎರಡು ವಿಷಯ ನೆನಪಿರಲಿ. ಹೆಣ್ಣಿಗೆ ಆದಾಯದ ಮಿತಿಯಿಲ್ಲದೆ ಉಚಿತ ಕಾನೂನು ನೆರವಿದೆ, ಸುಪ್ರೀಂ ಕೋರ್ಟಿಗೂ. ತಾಲ್ಲೂಕು ಕಾನೂನು ಸೇವಾ ಸಮಿತಿಯಲ್ಲಿ ಅಥವಾ 15100ಕ್ಕೆ ಕರೆ ಮಾಡಿ ಕೇಳಬಹುದು. ಎರಡನೆಯದು, 2003ರ ತಿದ್ದುಪಡಿಯ ನಂತರ ಹಿಂದೂ ವಿವಾಹ ಕಾಯ್ದೆಯಡಿ ಹೆಂಡತಿ ತಾನು ವಾಸಿಸುವ ಜಾಗದಲ್ಲೇ ಅರ್ಜಿ ಹಾಕಬಹುದು. ಮದುವೆ ಮುರಿಯುವುದು ಖಚಿತವಾದರೆ ತಡ ಮಾಡದಿರುವುದು ಲೇಸು.

ಗಡಿ ಎಲ್ಲರಿಗೂ ಅಡ್ಡಿಯಲ್ಲ, ಹೆಣ್ಣು ಭ್ರೂಣ ತೆಗೆಸುವವರಿಗೆ ಅನುಕೂಲ. 2017ರ ಮಾರ್ಚಿನಲ್ಲಿ ಸಾಂಗಲಿ ಜಿಲ್ಲೆಯ ಮ್ಹೈಸಾಳದಲ್ಲಿ 19 ಭ್ರೂಣಗಳು ಸಿಕ್ಕವು. ಕರ್ನಾಟಕದ ಕಾಗವಾಡ ಅಲ್ಲಿಂದ ಕೆಲವೇ ಕಿಲೋಮೀಟರ್. ಭ್ರೂಣಲಿಂಗ ಪತ್ತೆ ನಿಷೇಧ ಕಾಯ್ದೆಯಲ್ಲಿ ಪ್ರತಿ ಸ್ಕ್ಯಾನಿಂಗ್‌ಗೂ ಎಫ್ ನಮೂನೆ ತುಂಬಬೇಕು, ಪ್ರತಿ ತಿಂಗಳ 5ರೊಳಗೆ ಆ ಜಿಲ್ಲೆಯ ಪ್ರಾಧಿಕಾರಕ್ಕೆ ವರದಿ ಹೋಗಬೇಕು. ಆದರೆ ಬಸುರಿಯ ತಾಯಿ ಕಾರ್ಡು ಒಂದು ರಾಜ್ಯದಲ್ಲಿ, ಸ್ಕ್ಯಾನಿಂಗ್ ಇನ್ನೊಂದರಲ್ಲಿ ಆದಾಗ ಎರಡನ್ನೂ ಎದುರುಬದುರು ಇಟ್ಟು ನೋಡುವವರಿಲ್ಲ. ನಾಲ್ಕನೇ ತಿಂಗಳಲ್ಲಿ ‘ತವರಿಗೆ ಹೋಗಿದ್ದಾಳೆ’ ಎಂಬ ಉತ್ತರ ಸಿಕ್ಕಾಗ ಆಶಾ ಕಾರ್ಯಕರ್ತೆ ತವರಿನ ಊರಿನ ಆಶಾಳ ಫೋನ್ ಸಂಖ್ಯೆ ಕೇಳಿಟ್ಟುಕೊಂಡರೆ ಅರ್ಧ ಕೆಲಸವಾಯಿತು. ಮೇಲಿನಿಂದ ಅಂಥ ಜೋಡಣೆಗೆ ಕಾಯುತ್ತ ಕೂರುವುದರಲ್ಲಿ ಅರ್ಥವಿಲ್ಲ.

ಕೊನೆಯದಾಗಿ ಬಾಲ್ಯವಿವಾಹ. ಕರ್ನಾಟಕ ತಂದ, 2017ರಿಂದ ಜಾರಿಯಾದ ತಿದ್ದುಪಡಿಯಂತೆ ಇಲ್ಲಿ ಬಾಲ್ಯವಿವಾಹ ಮೊದಲಿನಿಂದಲೇ ಅಸಿಂಧು. ಕೇಂದ್ರದ 2006ರ ಮೂಲ ಕಾಯ್ದೆಯಲ್ಲಿ ಅದು ರದ್ದುಪಡಿಸಬಹುದಾದ ಮದುವೆ ಮಾತ್ರ. ಹುಡುಗಿ ವಯಸ್ಕಳಾದ ಎರಡು ವರ್ಷದೊಳಗೆ, ಅಂದರೆ 20 ತುಂಬುವುದರೊಳಗೆ, ಕೋರ್ಟಿಗೆ ಹೋಗದಿದ್ದರೆ ಊರ್ಜಿತವಾಗಿಯೇ ಉಳಿಯುತ್ತದೆ. ಆದ್ದರಿಂದ ಇಲ್ಲಿನ ಹುಡುಗಿಯ ಮದುವೆ ಗಡಿಯಾಚೆಯ ಗುಡಿಯಲ್ಲಿ ನಡೆದಾಗ, ಯಾವ ನಿಯಮ ಅನ್ವಯ ಎಂಬುದೇ ವರ್ಷಗಟ್ಟಲೆ ವಾದವಾಗುತ್ತದೆ. ಇದನ್ನು ತಪ್ಪಿಸುವುದು 13ನೇ ಕಲಮಿನ ತಡೆಯಾಜ್ಞೆ. ಪ್ರಥಮ ದರ್ಜೆ ಮ್ಯಾಜಿಸ್ಟ್ರೇಟರಿಗೆ ಯಾರು ಬೇಕಾದರೂ ಮಾಹಿತಿ ಕೊಡಬಹುದು, ತುರ್ತಿದ್ದರೆ ಎದುರಿನವರಿಗೆ ನೋಟಿಸು ಕೊಡದೆಯೂ ಮಧ್ಯಂತರ ಆಜ್ಞೆ ಸಿಗುತ್ತದೆ. ಆ ಆಜ್ಞೆಯನ್ನು ಮೀರಿ ನಡೆದ ಮದುವೆ ದೇಶದ ಯಾವ ಮೂಲೆಯಲ್ಲಾದರೂ ಅಸಿಂಧು, ಅದು 14ನೇ ಕಲಂ. ಹುಡುಗಿಯ ವಯಸ್ಸಿನ ಶಾಲಾ ದಾಖಲೆ, ಮುಹೂರ್ತದ ದಿನ, ಎರಡೂ ಮನೆಯ ವಿಳಾಸ ಸಾಕು. ಆಜ್ಞೆಯ ಪ್ರತಿ ಮದುವೆ ನಡೆಯಲಿರುವ ಗುಡಿ ಅಥವಾ ಕಲ್ಯಾಣ ಮಂಟಪಕ್ಕೂ, ಆ ರಾಜ್ಯದ ಠಾಣೆಗೂ ಹೋಗಬೇಕು, 1098ಕ್ಕೂ ತಿಳಿಸಿರಬೇಕು.

ಒಂದು ತೊಡಕಿದೆ. ಇಂಥ ಮದುವೆಗಳು ಗುಂಪಾಗಿ ಬೀಳುವುದು ಅಕ್ಷಯ ತದಿಗೆಯಂದು, ಅದೇ ದಿನ ಬಸವ ಜಯಂತಿ, ಕೋರ್ಟಿಗೆ ರಜೆ. ಕಾಯ್ದೆ ಬರೆದವರಿಗೆ ಇದು ಹೊಳೆದಿತ್ತು. ಅಕ್ಷಯ ತದಿಗೆಯನ್ನು ಹೆಸರಿಸಿಯೇ, ಅಂಥ ದಿನಗಳಲ್ಲಿ ಸಾಮೂಹಿಕ ಬಾಲ್ಯವಿವಾಹ ತಡೆಯಲು ಜಿಲ್ಲಾಧಿಕಾರಿಯೇ ಬಾಲ್ಯವಿವಾಹ ನಿಷೇಧಾಧಿಕಾರಿ ಎಂದು ಬರೆದಿದ್ದಾರೆ. ಆ ದಿನ ಕರೆ ಹೋಗಬೇಕಾದದ್ದು ಮದುವೆ ನಡೆಯುವ ಕಡೆಯ ಜಿಲ್ಲಾಧಿಕಾರಿಗೆ. ಆ ಸಂಖ್ಯೆಯನ್ನು ಗಡಿ ತಾಲ್ಲೂಕಿನ ಪ್ರತಿ ಅಂಗನವಾಡಿಯ ಗೋಡೆಯ ಮೇಲೆ, ಎರಡೂ ರಾಜ್ಯದ ಜಿಲ್ಲೆಗಳದ್ದು ಒಟ್ಟಿಗೆ, ಈಗಲೇ ಬರೆಸಿಡಬಹುದು.